ಮನೆಯ ಹಿತ್ತಲಿಗೆ ಆರಿಸಿಕೊಂಡ ಕಂಪಿನ ಮರಗಳು

ಮೆಲ್ಬರ್ನ್,
ಆಗಸ್ಟ್ ತಿಂಗಳು

ತೀರ್ಥರೂಪರಾದ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಹೊಸ ಮನೆಯ ಹಿತ್ತಲಲ್ಲಿ ಯಾವ ಹೂವಿನ ಮರ ನೆಡುತ್ತೀ ಎಂದು ಕೇಳಿದ್ದಿರಿ. ಸಂಪಿಗೆ ಇರಲಿ ಎಂಬುದು ನಿಮ್ಮ ಆಸೆ, ಪಾರಿಜಾತವಿರಲಿ ಎಂಬುದು ಅಮ್ಮನ ಆಸೆ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಇಲ್ಲಿನ ನರ್ಸರಿಗಳನ್ನು ಸುತ್ತಿ ಬಂದಿದ್ದೇನೆ.

ಸಂಪಿಗೆಯ ಎಳೆಯ ಗಿಡ ಇಲ್ಲಿನ ಜೂನ್-ಜುಲೈ ತಿಂಗಳ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳನ್ನು ತಾಳಿಕೊಳ್ಳುವುದು ಕಷ್ಟ. ತಾಳಿಕೊಂಡರೂ ಮಾಡನ್ನು ಮೀರಿ ಬೆಳೆಯುವ ಆ ಮರಕ್ಕೆ ನಮ್ಮ ಚಿಕ್ಕ ಹಿತ್ತಲಲ್ಲಿ ಜಾಗ ಸಾಲದು. ಆದರೆ ಅದರದೇ ಕುಲದ, ಚೀನಾ ಮೂಲದ ಒಂದು ಸಣ್ಣ ಮರ ಇಲ್ಲಿ ಚೆನ್ನಾಗಿ ಬೆಳೆಯುತ್ತದೆ. ಸಸ್ಯಶಾಸ್ತ್ರಜ್ಞರು ನಮ್ಮ ಸಂಪಿಗೆಯನ್ನು ಮ್ಯಾಗ್ನೋಲಿಯಾ ಚಂಪಕಾ ಎಂದೂ ಇದನ್ನು ಮ್ಯಾಗ್ನೋಲಿಯಾ ಫಿಗೊ ಎಂದೂ ಕರೆಯುತ್ತಾರೆ. ನಿಧಾನವಾಗಿ 3-4 ಮೀಟರ್ ಎತ್ತರಕ್ಕೆ ಬರುವ ಈ ನಿತ್ಯಹಸಿರಿನ ಮರ ಸೆಪ್ಟೆಂಬರ್‌ನಿಂದ, ಅಂದರೆ ಇಲ್ಲಿನ ವಸಂತದಲ್ಲಿ, ಅಂಚಿಗೆ ನೇರಳೆ ಬಣ್ಣ ಬಳಿದಂತಹ ಕೆನೆಬಣ್ಣದ ಹೂಗಳನ್ನು ಬಿಡುತ್ತದೆ. ಬಿಸಿಲು ಬಿದ್ದ ದಿನ ಸಂಜೆಯ ಹೊತ್ತಿಗೆ ಮಾಗಿದ ಬಾಳೆಹಣ್ಣಿನ ವಾಸನೆ ಅಂಗಳವನ್ನೆಲ್ಲ ತುಂಬುತ್ತದೆ. ನಿಮ್ಮ ಸಂಪಿಗೆಯ ಗಾಢತೆ ಇದಕ್ಕಿಲ್ಲ, ಆದರೂ ಸಂಬಂಧ ಮೂಗಿಗೆ ಗೊತ್ತಾಗುತ್ತದೆ.

ಅಮ್ಮನ ಪಾರಿಜಾತಕ್ಕೂ ಇಲ್ಲಿನ ಚಳಿ ಹಿಡಿಸುವುದಿಲ್ಲ. ಅದರ ಬದಲು ನಾನು ಮನಸ್ಸು ಮಾಡಿರುವುದು ಆಸ್ಮಾಂಥಸ್ ಎಂಬ ಮರಕ್ಕೆ. ಇದು ಪಾರಿಜಾತ, ಮಲ್ಲಿಗೆಗಳ ಕುಟುಂಬಕ್ಕೇ ಸೇರಿದ್ದು ಎಂದು ಅಮ್ಮನಿಗೆ ತಪ್ಪದೇ ಹೇಳಿ. ಎಲೆಯ ಬುಡದಲ್ಲಿ ಅಡಗಿರುವ ಇದರ ಹೂ ಅಕ್ಕಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ, ಆದರೆ ಮಾರ್ಚ್-ಏಪ್ರಿಲ್‌ನಲ್ಲಿ ಅರಳಿದಾಗ ಮರ ಕಣ್ಣಿಗೆ ಬೀಳುವ ಮೊದಲೇ ಕಂಪು ಎದುರುಗೊಳ್ಳುತ್ತದೆ. ಚೀನಾದವರು ಈ ಹೂವನ್ನು ಚಹಾ ಎಲೆಯೊಂದಿಗೆ ಬೆರೆಸಿ ಪರಿಮಳ ಕೂಡಿಸುತ್ತಾರೆ. ನೋಟಕ್ಕಿಂತ ವಾಸನೆಯೇ ಇದರ ಸಂಪತ್ತಾದ್ದರಿಂದ ಹಿತ್ತಲ ಮೂಲೆಗೆ ತಳ್ಳದೆ, ದಿನವೂ ಓಡಾಡುವ ಹಿಂಬಾಗಿಲ ಬಳಿ, ಗೋಡೆಯಿಂದ 2 ಮೀಟರ್ ಬಿಟ್ಟು ನೆಡುತ್ತೇನೆ. ಕಂಪಿನ ಮರವನ್ನು ಆರಿಸುವಾಗ ಅದು ಯಾವ ತಿಂಗಳು, ಯಾವ ಹೊತ್ತಿನಲ್ಲಿ ಘಮಿಸುತ್ತದೆ, ಆಗ ನಾವು ಎಲ್ಲಿರುತ್ತೇವೆ ಎಂಬುದನ್ನೇ ಮೊದಲು ಕೇಳಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೂ ಬಿಟ್ಟ ಕಾಲದಲ್ಲಿ ಹೋಗಿ ಮೂಸಿ ನೋಡಿಯೇ ಗಿಡ ಕೊಳ್ಳಬೇಕು. ಚೀಟಿಯಲ್ಲಿ ಬರೆದ ಹೊಗಳಿಕೆಯನ್ನು ನಂಬಿದರೆ ಸಾಲದು.

ಬೇಸಿಗೆಗೆ ದೇವಕಣಗಿಲೆ. ಭೂಮಿಯ ದಕ್ಷಿಣ ಭಾಗವಾದ್ದರಿಂದ ಇಲ್ಲಿ ಬಿಸಿಲು ಉತ್ತರದ ಕಡೆಯಿಂದ ಬರುತ್ತದೆ. ಹಾಗಾಗಿ ಉತ್ತರಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಬದಿ ಅದಕ್ಕೆ ಮೀಸಲು. ಗೋಡೆ ಹಗಲಿನ ಕಾವನ್ನು ಹಿಡಿದಿಟ್ಟುಕೊಂಡು ರಾತ್ರಿ ಗಿಡವನ್ನು ಕಾಯುತ್ತದೆ. ಕೊಂಬೆ ಮುರಿದರೆ ಸುರಿಯುವ ಹಾಲು ಚರ್ಮಕ್ಕೆ ಒಳ್ಳೆಯದಲ್ಲವೆಂದು ಮೊಮ್ಮಗನಿಗೆ ಈಗಲೇ ಹೇಳಿಟ್ಟಿದ್ದೇನೆ.

ನಗರದ ಪಶ್ಚಿಮದ ಈ ಭಾಗದಲ್ಲಿ ಮಣ್ಣು ನಮ್ಮ ನವಲಗುಂದದ ಕಡೆಯ ಎರೆಮಣ್ಣಿನ ಹಾಗೆಯೇ ಜಿಗುಟು. ಮಳೆಗೆ ಅಂಟುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಗುಂಡಿ ತೋಡಿದರೆ ಅದರಲ್ಲಿ ನೀರು ನಿಂತು ಬೇರು ಕೊಳೆಯಬಹುದಾದ್ದರಿಂದ ಗೊಬ್ಬರ ಬೆರೆಸಿದ ಮಣ್ಣನ್ನು ಮೊಣಕಾಲೆತ್ತರ ಏರಿಸಿ ಅದರ ಮೇಲೆ ನೆಡುವ ಯೋಚನೆಯಿದೆ.

ಪಾರಿಜಾತದ ಬೀಜ ಕಳಿಸುತ್ತೇನೆಂದು ಅಮ್ಮ ಹೇಳಿದ್ದಳು. ದಯವಿಟ್ಟು ಬೇಡ. ಹೊರಗಿನ ರೋಗ, ಕೀಟಗಳು ಇಲ್ಲಿನ ತೋಟಗಳಿಗೆ ಹೊಕ್ಕಬಾರದೆಂದು ಬೀಜ, ಕಡ್ಡಿಗಳ ವಿಷಯದಲ್ಲಿ ಆಸ್ಟ್ರೇಲಿಯಾದ ನಿಯಮ ಬಹಳ ಬಿಗಿಯಾಗಿದೆ, ಆ ಬಿಗಿ ಸರಿಯಾದದ್ದೇ ಎಂದು ನನಗೂ ಅನ್ನಿಸುತ್ತದೆ.

ನಿಮ್ಮಿಂದ ಒಂದು ಸಲಹೆ ಬೇಕು. ನೆರೆಮನೆಯವರು ದೇವಕಣಗಿಲೆಯ ಕೊಂಬೆ ಕೊಡುತ್ತೇನೆಂದಿದ್ದಾರೆ. ಕತ್ತರಿಸಿದ ತುದಿಯನ್ನು ನೆಡುವ ಮೊದಲು ನೆರಳಲ್ಲಿ ಒಣಗಿಸಬೇಕೆಂದು ಗೊತ್ತು. ಧಾರವಾಡದ ಮನೆಯಲ್ಲಿ ನೀವು ಎಷ್ಟು ದಿನ ಒಣಗಿಸುತ್ತಿದ್ದಿರಿ, ಚಿಗುರುವ ತನಕ ನೀರು ಹೇಗೆ ಕೊಡುತ್ತಿದ್ದಿರಿ ಎಂಬುದನ್ನು ವಿವರವಾಗಿ ಬರೆಯಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು