ದೂರದ ಯುದ್ಧ ಮತ್ತು ಹಡಗಿನ ಬಾಡಿಗೆ

ಮಾನ್ಯರೇ,

ಎಲ್ಲೋ ಯುದ್ಧವೆಂದರೆ, ‘ಆ ದೇಶದಿಂದ ನಾವೇನೂ ತರಿಸಿಕೊಳ್ಳುವುದಿಲ್ಲ, ನಮಗೇನಾಗಬೇಕು?’ ಎನ್ನುವವರು ಬಹಳ. ಯೆಮನ್‌ನಿಂದ ಹೆಚ್ಚಿನ ದೇಶಗಳು ತರಿಸುವುದು ಅತ್ಯಲ್ಪ. ಆದರೂ ಗಾಜಾ ಯುದ್ಧದ ನೆಪದಲ್ಲಿ ಅಲ್ಲಿನ ಹೂಥಿ ಬಂಡುಕೋರರು 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ನಡೆಸಿದ ದಾಳಿಯ ಬಿಸಿ ಆ ದಾರಿಯನ್ನೇ ಹಿಡಿಯದ ಸರಕಿಗೂ ತಟ್ಟಿತು.

ಮೊದಲು ಏರುವುದು ವಿಮೆ. ಹಡಗಿನ ಮಾಮೂಲಿ ವಿಮೆಯಲ್ಲಿ ಯುದ್ಧದ ಹಾನಿ ಸೇರುವುದಿಲ್ಲ. ಅದಕ್ಕೆ ಬೇರೆಯೇ ಪಾಲಿಸಿ. ಲಂಡನ್ನಿನ ವಿಮಾ ಮಾರುಕಟ್ಟೆಯ ಜಾಯಿಂಟ್ ವಾರ್ ಕಮಿಟಿ ಅಪಾಯದ ಪಟ್ಟಿಗೆ ಸೇರಿಸಿದ ಕಡಲಿಗೆ ಇಳಿಯುವ ಮುನ್ನ ಮಾಲೀಕರು ವಿಮಾ ಕಂಪನಿಗೆ ತಿಳಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಅದರ ಅವಧಿ ಸಾಮಾನ್ಯವಾಗಿ ಏಳೇ ದಿನ. ದಾಳಿಗೆ ಮೊದಲು ಹಡಗಿನ ಮೌಲ್ಯದ ಶೇ 0.1ಕ್ಕೂ ಕಡಿಮೆಯಿದ್ದ ದರ 2024ರ ಆರಂಭದಲ್ಲಿ ಶೇ 0.7ರಿಂದ 1ರವರೆಗೆ ಹೋಯಿತು. ಶೇ 1 ಎಂದರೆ, 10 ಕೋಟಿ ಡಾಲರ್ ಬೆಲೆಯ ಹಡಗು ಒಮ್ಮೆ ದಾಟಲು 10 ಲಕ್ಷ ಡಾಲರ್. ಒಳಗಿನ ಸರಕಿನ ವಿಮೆ ಪ್ರತ್ಯೇಕ!

ಇದನ್ನು ತಪ್ಪಿಸಲು ಕೆಂಪು ಸಮುದ್ರ ಬಿಟ್ಟು ಆಫ್ರಿಕಾದ ದಕ್ಷಿಣದ ಗುಡ್ ಹೋಪ್ ಭೂಶಿರ ಸುತ್ತಿ ಹೋದರೆ ಏಷ್ಯಾದಿಂದ ಉತ್ತರ ಯುರೋಪಿಗೆ ಸುಮಾರು 3,500 ನಾಟಿಕಲ್ ಮೈಲಿ, ಹತ್ತು ದಿನ ಹೆಚ್ಚು. ಎಲ್ಲರೂ ಇಂಧನದ ಖರ್ಚು ಲೆಕ್ಕ ಹಾಕುತ್ತಾರೆ. ದೊಡ್ಡ ಪೆಟ್ಟು ಕೊಡುವುದು ಹಡಗುಗಳ ಕೊರತೆ. ಹೋಗಿಬರಲು 12 ವಾರ ಹಿಡಿಯುವ ಮಾರ್ಗದಲ್ಲಿ ವಾರಕ್ಕೊಂದು ಹಡಗು ಹೊರಡಿಸಲು 12 ಹಡಗು ಬೇಕು. ಮೂರು ವಾರ ಹೆಚ್ಚಾಯಿತೋ, 15 ಬೇಕು. ಹೊಸ ಹಡಗು ಬೇಕೆಂದಾಗ ಸಿಗುವುದಿಲ್ಲವಾದ್ದರಿಂದ ಆ ಮೂರನ್ನು ಬೇರೆ ಮಾರ್ಗದಿಂದ ಎಳೆದು ತರುತ್ತಾರೆ. ಖಾಲಿ ಕಂಟೇನರ್‌ಗಳೂ ತಡವಾಗಿ ಮರಳುತ್ತವೆ. 2024ರಲ್ಲಿ ಪೆಸಿಫಿಕ್ ಮಾರ್ಗದ ಬಾಡಿಗೆಯೂ ಏರಿದ್ದಕ್ಕೆ ಇದು ಮುಖ್ಯ ಕಾರಣ. ಕಂಟೇನರ್ ತುಂಬ ಮೊಬೈಲ್ ಇದ್ದರೆ ಈ ಏರಿಕೆ ಒಂದೊಂದರ ಬೆಲೆಯಲ್ಲಿ ಕಾಣುವುದೇ ಇಲ್ಲ. ರದ್ದಿ ಕಾಗದವಿದ್ದರೆ ಲಾಭವೆಲ್ಲ ಬಾಡಿಗೆಗೇ ಹೋಗುತ್ತದೆ.

ಯುದ್ಧಕ್ಕೆ ಸಂಬಂಧವಿಲ್ಲದ ಹೊರಗಿನವರ ಜೀವವೂ ಹೋಗುತ್ತದೆ. 2024ರ ಮಾರ್ಚ್ 6ರಂದು ‘ಟ್ರೂ ಕಾನ್ಫಿಡೆನ್ಸ್’ ಹಡಗಿಗೆ ಕ್ಷಿಪಣಿ ಬಡಿದು ಸತ್ತ ಮೂವರು ನಾವಿಕರಲ್ಲಿ ಇಬ್ಬರು ಫಿಲಿಪ್ಪೀನ್ಸ್‌ನವರು, ಒಬ್ಬರು ವಿಯೆಟ್ನಾಂನವರು.

ಗುಂಡಿನ ಸದ್ದು ನಿಂತ ಮಾತ್ರಕ್ಕೆ ಬಾಡಿಗೆ ಇಳಿಯುವುದಿಲ್ಲ. ಆ ಕಡಲು ಪಟ್ಟಿಯಲ್ಲಿ ಇರುವವರೆಗೆ ವಿಮಾ ಕಂಪನಿಗಳು ಹೆಚ್ಚುವರಿ ಪ್ರೀಮಿಯಂ ಕೇಳಬಹುದು. ಹಾಗಾಗಿ ಕದನವಿರಾಮದ ಸುದ್ದಿಯ ಜೊತೆಗೆ ಯುದ್ಧ ವಿಮೆಯ ಆ ವಾರದ ದರವನ್ನೂ ವಾಣಿಜ್ಯ ಪುಟದಲ್ಲಿ ಪ್ರಕಟಿಸಬೇಕೆಂದು ಕೋರಿಕೆ.