ಮೇಜಿಗೆ ಹೊಡೆದ ಮೊಳೆ

ಪ್ರಿಯ ಗೆಳೆಯ,

ಫೋನಿನಲ್ಲಿ ಹೇಳಿ ಮುಗಿಸಬಹುದಾದ ಮಾತನ್ನು ಹೀಗೆ ನಾಲ್ಕು ಜನರೆದುರು ಬರೆಯುತ್ತಿದ್ದೇನೆಂದು ನೀನು ನಗುತ್ತೀಯೆ. ನಗು, ಆದರೆ ಹಸಿರು ಆನೆಯ ಪ್ರಸಂಗವನ್ನು ಮಾತ್ರ ಇಲ್ಲಿ ಎತ್ತಬೇಡ.

ಹದಿನೈದು ದಿನಗಳಿಂದ ಸ್ಟುವರ್ಟ್ ಡೇವಿಸ್ ನನ್ನ ತಲೆಯೊಳಗೆ ಹೊಕ್ಕು ಕುಳಿತಿದ್ದಾನೆ. 1927ರಲ್ಲಿ ಈ ಅಮೆರಿಕನ್ ಕಲಾವಿದ ಮೊಟ್ಟೆ ಕಲಕುವ ಎಗ್ ಬೀಟರ್, ಒಂದು ವಿದ್ಯುತ್ ಫ್ಯಾನು, ಒಂದು ರಬ್ಬರ್ ಕೈಗವಸು ಇವಿಷ್ಟನ್ನು ಮೇಜಿಗೆ ಮೊಳೆ ಹೊಡೆದು ಕೂರಿಸಿ, ಸುಮಾರು ಒಂದು ವರ್ಷ ಅವನ್ನೇ ಮತ್ತೆ ಮತ್ತೆ ಚಿತ್ರಿಸಿದ. ಆ ಚಿತ್ರಗಳಲ್ಲಿ ಎಗ್ ಬೀಟರನ್ನು ಹುಡುಕಿ ನಾನು ಸೋತೆ. ಸಿಕ್ಕಿದ್ದು ಬಣ್ಣದ ಚಪ್ಪಟೆ ಹಲಗೆಗಳು, ಕೋನಗಳು. 1924ರಲ್ಲಿ ಓಡಾಲ್ ಎಂಬ ಬಾಯಿ ಮುಕ್ಕಳಿಸುವ ಔಷಧದ ಬಾಟಲಿಯನ್ನು ಹೆಸರಿನ ಸಮೇತ ಬರೆದವನೂ ಇವನೇ ಎಂದರೆ ನಂಬುವುದು ಕಷ್ಟ.

ಅದೇ 1924ರಲ್ಲಿ, ಫ್ರಾನ್ಸಿನಲ್ಲಿ ನೆಲೆಸಿದ್ದ ಇನ್ನೊಬ್ಬ ಅಮೆರಿಕನ್ ಕಲಾವಿದ ಜೆರಾಲ್ಡ್ ಮರ್ಫಿ ಒಂದು ಸೇಫ್ಟಿ ರೇಜರನ್ನೂ ಫೌಂಟನ್ ಪೆನ್ನನ್ನೂ ರಾಜಲಾಂಛನದ ಕತ್ತಿಗಳಂತೆ ಅಡ್ಡಡ್ಡ ಇಟ್ಟು, ಜೊತೆಗೊಂದು ಬೆಂಕಿಪೊಟ್ಟಣವನ್ನು ಸೇರಿಸಿ ಬರೆದ. ಮರುವರ್ಷ ಅಂಗೈಯಲ್ಲಿ ಅಡಗುವ ಗಡಿಯಾರದ ಒಳಗನ್ನು ಆರೂವರೆ ಅಡಿಯ ಕ್ಯಾನ್ವಾಸಿಗೆ ಹಿಗ್ಗಿಸಿದ. 1929ರಲ್ಲಿ ಮಗನಿಗೆ ಕ್ಷಯ ತಗುಲಿದ ಮೇಲೆ ಕೆಳಗಿಟ್ಟ ಕುಂಚವನ್ನು 1964ರಲ್ಲಿ ಸಾಯುವವರೆಗೂ ಅವನು ಮತ್ತೆ ಎತ್ತಲಿಲ್ಲ.

ಇಲ್ಲಿಗೆ ಬಂದಾಗ ನನ್ನ ಓದು ನಿಂತುಹೋಯಿತು. ಅವನಿಗೊಂದು ಕಾರಣವಿತ್ತು. ನಾನು ಚಿತ್ರ ಬಿಟ್ಟದ್ದು ನೌಕರಿಯಿಂದ, ಮನೆಸಾಲದಿಂದ ಎಂದು ಇಷ್ಟು ವರ್ಷ ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು. ಕಾಲೇಜಿನ ಕೊನೆಯ ವರ್ಷ ನಾವಿಬ್ಬರೂ ಒಂದೇ ಹಿತ್ತಾಳೆ ಚೊಂಬನ್ನು ಮುಂದಿಟ್ಟುಕೊಂಡು ಮೂರು ದಿನ ಕುಳಿತಿದ್ದೆವಲ್ಲ, ನಿನ್ನ ಚಿತ್ರವನ್ನು ನೋಡಿದಾಗಲೇ ಆ ಚೊಂಬಿನ ಕಂಠದ ಕೆಳಗೆ ಒಂದು ನೆಗ್ಗು ಇದೆಯೆಂದು ನನಗೆ ತಿಳಿದದ್ದು. ನನ್ನದರಲ್ಲಿ ಅದು ಅಂಗಡಿಯಿಂದ ಆಗಷ್ಟೇ ತಂದಂತೆ ಹೊಳೆಯುತ್ತಿತ್ತು, ಎಲ್ಲರೂ ಹೊಗಳಿದ್ದೂ ನನ್ನದನ್ನೇ. ಆ ರಾತ್ರಿ ನಿನ್ನ ಮೇಲೆ ನನಗೆ ಹುಟ್ಟಿದ ಸಿಟ್ಟು ಎಷ್ಟೆಂದರೆ, ಮರುದಿನ ಕುಂಚಗಳನ್ನು ತೊಳೆಯದೆಯೇ ಒಣಗಲು ಬಿಟ್ಟೆ.

ಈ ಪ್ಯಾರಾವನ್ನು ಎರಡು ಸಲ ಅಳಿಸಿ ಮತ್ತೆ ಬರೆದಿದ್ದೇನೆ. ನಿನ್ನೆ ಡೇವಿಸ್‌ನ ಮಾದರಿಯಲ್ಲಿ ಮನೆಯ ಕಡಗೋಲನ್ನು ಮೇಜಿಗೆ ಬಡಿಯಲು ಹೊರಟೆ. ಮೊಳೆ ಬಾಗಿತು, ಹೆಬ್ಬೆರಳು ಬಾತಿತು, ಸಂಜೆ ಮಜ್ಜಿಗೆಗೆ ಕಡಗೋಲು ಬೇಕಾಯಿತು. ಅಮೆರಿಕದ ಆಧುನಿಕ ಕಲೆ ನಮ್ಮ ಮನೆಯಲ್ಲಿ ಇಪ್ಪತ್ತು ನಿಮಿಷ ಬಾಳಿತು.

ಆ ಚೊಂಬು ಇನ್ನೂ ನಿನ್ನ ಬಳಿ ಇದ್ದರೆ ಕಳುಹಿಸಿಕೊಡು. ಮೊಳೆ ಹೊಡೆಯುವುದಿಲ್ಲ.

ಇತಿ ನಿನ್ನ,
ಬಾತ ಬೆರಳಿನವನು