ಟೀಟೀ ಹಕ್ಕಿಯ ವಿಷಯ, ಅಪ್ಪಯ್ಯನಿಗೆ

ಇನ್ವರ್‌ಕಾರ್ಗಿಲ್, ನ್ಯೂಜಿಲೆಂಡ್
ಜೂನ್ 8

ಅಪ್ಪಯ್ಯ, ಅಮ್ಮ, ಇಬ್ಬರಿಗೂ ನಮಸ್ಕಾರ. ಟ್ರಾಲಿಂಗ್ ನಿಷೇಧ ಶುರುವಾಗಿ ನಮ್ಮ ಬೋಟು ದಡ ಸೇರಿರಬೇಕು, ಅಲ್ವಾ?

ಹಕ್ಕಿಮರಿ ತಿನ್ನೋರ ಮನೆಯಲ್ಲಿ ಊಟ ಮಾಡಿದೆ ಅಂದಾಗ ನೀವು ಬೇಜಾರು ಮಾಡ್ಕೊಂಡ್ರಿ. ಫೋನಲ್ಲಿ ಎಲ್ಲಾ ಹೇಳೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ.

ಟೀಟೀ ಒಂದು ಕಡಲಹಕ್ಕಿ. ಇಲ್ಲಿಂದ ದಕ್ಷಿಣಕ್ಕೆ ಸ್ಟೀವರ್ಟ್ ದ್ವೀಪದ ಸುತ್ತ ಇರುವ ಸಣ್ಣ ದ್ವೀಪಗಳಲ್ಲಿ ಬಿಲ ತೋಡಿ ಒಂದೇ ಮೊಟ್ಟೆ ಇಡುತ್ತದೆ. ಮರಿ ಹಿಡಿಯುವ ಹಕ್ಕು ಇಲ್ಲಿಯ ಮೂಲನಿವಾಸಿಗಳಾದ ರಾಕಿಯುರಾ (ಸ್ಟೀವರ್ಟ್ ದ್ವೀಪದ ಮಾವೊರಿ ಹೆಸರು) ಮಾವೊರಿ ಮನೆತನಗಳಿಗೆ ಮಾತ್ರ. 1864ರಲ್ಲಿ ಸ್ಟೀವರ್ಟ್ ದ್ವೀಪವನ್ನು ಸರ್ಕಾರಕ್ಕೆ ಮಾರುವಾಗಲೂ ಅವರು ಇದನ್ನು ಬಿಟ್ಟುಕೊಡಲಿಲ್ಲ. ಏಪ್ರಿಲ್ 1ರಿಂದ ಮೇ 31ರವರೆಗೆ ಮಾತ್ರ ಹಿಡಿಯಬಹುದು. ದೊಡ್ಡ ಹಕ್ಕಿಯನ್ನು ಮುಟ್ಟುವ ಹಾಗಿಲ್ಲ. ಮೊದಲು ಹಗಲಲ್ಲಿ ನೆಲಕ್ಕೆ ಮಲಗಿ, ಭುಜದವರೆಗೂ ಬಿಲದೊಳಗೆ ಕೈ ಹಾಕಿ ಹಿಡೀತಾರೆ. ಮರಿ ಬಲಿತು ರಾತ್ರಿ ರೆಕ್ಕೆ ಬಡಿಯಲು ಹೊರಗೆ ಬರುವಾಗ ಟಾರ್ಚ್ ಹಿಡಿದು ಹೋಗ್ತಾರೆ. ಮರಿ ತೆಗೆಯಲು ಮೇಲಿಂದ ತೂತು ಮಾಡಿದರೆ ಅದನ್ನು ಮುಚ್ಚಲೇಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಆ ಬಿಲಕ್ಕೆ ಹಕ್ಕಿ ಬರಲ್ಲ.

ನನ್ನ ಜೊತೆ ಕೆಲಸ ಮಾಡುವ ಅಕ್ಕ ಒಂದು ಬಕೆಟ್ ತುಂಬ ಉಪ್ಪು ಹಾಕಿದ ಮರಿ ತಂದಿದ್ದರು. ನೀರು ಚೆಲ್ಲಿ ಚೆಲ್ಲಿ ಬೇಯಿಸಿದರೂ ಉಪ್ಪು ಬಂಗುಡೆಯ ಹಾಗೆ ವಾಸನೆ. ಜಿಡ್ಡು ಜಾಸ್ತಿ. ಆಲೂಗಡ್ಡೆ ಜೊತೆ ತಿಂದೆ, ರುಚಿಯಾಗಿತ್ತು.

ಈ ಹಕ್ಕಿಗೆ ಬೇಟೆಗಿಂತ ದೊಡ್ಡ ಕಂಟಕ ಬೇರೆ ಕಡೆಯಿಂದ ಬರ್ತದೆ ಅಂತ ನನಗನ್ನಿಸುತ್ತದೆ. 1964ರ ಹೊತ್ತಿಗೆ ಈ ಸಣ್ಣ ದ್ವೀಪಗಳಲ್ಲೊಂದಾದ ಟೌಕಿಹೆಪಾಕ್ಕೆ ಇಲಿ ನುಗ್ಗಿ, ಬೇರೆ ಎರಡು ಜಾತಿಯ ಹಕ್ಕಿಗಳು ಲೋಕದಿಂದಲೇ ಅಳಿದುಹೋದವು. 1998ರಲ್ಲಿ ಕ್ಯಾಲಿಫೋರ್ನಿಯಾ ಹತ್ತಿರ ಹಡಗಿನ ಎಣ್ಣೆ ಸೋರಿ, ಅಷ್ಟು ದೂರ ವಲಸೆ ಹೋಗಿದ್ದ ಟೀಟೀಗಳು ಸತ್ತವು. ಆ ಸೋರಿಕೆಗೆ ಸಿಕ್ಕ ಪರಿಹಾರದ ಹಣದಲ್ಲೇ 2006ರಲ್ಲಿ ಟೌಕಿಹೆಪಾದ ಇಲಿ ತೆಗೆದರು. ಬೇಟೆಯವರೂ ಅದರಲ್ಲಿ ಮುಂದೆ ನಿಂತಿದ್ದರು.

ಇನ್ನೊಂದು ಸಂಗತಿ ನಿಮಗೇ ಹೇಳಬೇಕು. ಬೇಟೆಯವರೊಬ್ಬರು ಹಿಡಿದ ಮರಿಗಳ ಲೆಕ್ಕ ವರ್ಷಾನುವರ್ಷ ಬರೆದಿಟ್ಟ ಡೈರಿ ಸಂಶೋಧಕರ ಕೈಗೆ ಸಿಕ್ಕಿತು. ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೋ ಬರುವ ಮೊದಲೇ ಮರಿಗಳು ಕಡಿಮೆಯಾಗುತ್ತವೆ ಅಂತ ಅದರಿಂದ ಗೊತ್ತಾಯಿತು. ನಮ್ಮ ಮಳೆ ಕೈಕೊಡೋದೂ ಎಷ್ಟೋ ಸಲ ಎಲ್ ನಿನೋ ವರ್ಷಗಳಲ್ಲೇ ತಾನೆ! ಮರಿ ಕಡಿಮೆ ಇರುವ ವರ್ಷ ಬೇಟೆಯವರು ತಾವಾಗಿ ಕೈ ಹಿಡಿತ ಮಾಡಬೇಕು. ಹಕ್ಕು ಇದೆ ಅಂತ ಬಾಚಿಕೊಳ್ಳಬಾರದು. ಆದರೆ ನಿಲ್ಲಿಸಿಯೇ ಬಿಡಿ ಅನ್ನೋದನ್ನೂ ನಾನು ಒಪ್ಪಲ್ಲ. ಹೋಗೋರೇ ಇಲ್ಲದಿದ್ದರೆ ಆ ದ್ವೀಪಕ್ಕೆ ಇಲಿ ಬಂತಾ ಅಂತ ನೋಡೋರು ಯಾರು?

ಅಪ್ಪಯ್ಯ, ಯಾವ ತಿಂಗಳು ಯಾವ ಮೀನು ಎಷ್ಟು ಸಿಕ್ಕಿತು ಅಂತ ನೀವು ಬರೆದಿಟ್ಟ ಹಳೇ ಪುಸ್ತಕಗಳು ಅಟ್ಟದ ಮೇಲಿವೆ. ಮಳೆಗೆ ನೆನೆಯದ ಹಾಗೆ ಕೆಳಗೆ ಇಳಿಸಿಡಿ. ರದ್ದಿಗೆ ಹಾಕಬೇಡಿ.

ನಿಮ್ಮ ಮಗಳು,
ಸುಮ